ಹರಳಿನ ಮೇಲೆ ಮೂಡಿದ ಉಗುರು

ಇದನ್ನು ಹೇಳಬೇಕು ಹೇಳಬೇಕು ಎಂದು ಮುಂದೂಡುತ್ತಾ ಬಂದು ನನಗೆ ರಿಟೈರ್ ಕೂಡ ಆಯಿತು. ಮೊದಲು ಕೆಲಸ ಹೋದೀತೆಂಬ ಹೆದರಿಕೆ ಇತ್ತು. ಪೆನ್ಶನ್ ಶುರುವಾದ ಮೇಲೆ ಆ ನೆಪವೂ ಇಲ್ಲ. ವಿಷಯ ಎಂತ ಅಂದರೆ, ನನಗೆ ಉಗುರಿನ ಚಟ. ಕಚ್ಚುವುದಲ್ಲ, ಒತ್ತುವುದು. ಕದ್ರಿ ಮಾರ್ಕೆಟಿನಲ್ಲಿ ಸೋರೆಕಾಯಿ ಕಂಡರೆ ಹೆಬ್ಬೆರಳು ತಾನಾಗಿಯೇ ಹೋಗಿ ಎಳತೋ ಬಲಿತದ್ದೋ ಎಂದು ನೋಡಿ ಬರುತ್ತದೆ. "ಭಟ್ರೇ, ತಗೊಳ್ಳುವುದಾದರೆ ಒತ್ತಿ, ಇಲ್ಲದಿದ್ದರೆ ದೂರ ನಿಲ್ಲಿ ಮಾರಾಯ್ರೆ" ಎಂದು ಅಂಗಡಿಯವರು ಬೈದದ್ದೂ ಉಂಟು.

ಹೈಸ್ಕೂಲು ಮುಗಿಸಿದ ನಾನು ವಾಮಂಜೂರಿನ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಅಲ್ಲಿ ಬಂದರಿನ ವ್ಯಾಪಾರಸ್ಥರ ಮನೆಯ ಯುವತಿಯೊಬ್ಬರು ಪಿಎಚ್‌ಡಿಗಾಗಿ ಎಂತದೋ ಸಾವಯವ ವಸ್ತುವಿನ ಹರಳು ಬೆಳೆಸುತ್ತಿದ್ದರು. ಬೀಕರಿನಲ್ಲಿಟ್ಟ ದ್ರಾವಣ ತಿಂಗಳುಗಟ್ಟಲೆ ನಿಧಾನವಾಗಿ ಆರಿದರೆ, ತಳದಲ್ಲಿ ಕಲ್ಲುಸಕ್ಕರೆಯಷ್ಟು ಒಂದು ಹರಳು. ಅದನ್ನು ಒಂದು ದ್ರವದಲ್ಲಿ ಕ್ಷಣಮಾತ್ರ ಅದ್ದಿ ತೆಗೆದರೆ, ಒಳಗೆ ದೋಷ ಇದ್ದಲ್ಲಿ ಮೇಲ್ಮೈ ಬೇಗ ಕರಗಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಆ ಗುಳಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಅವರ ಸಂಶೋಧನೆ. "ಭಟ್ರೇ, ಇದು ಕಲ್ಲುಪ್ಪಿನ ಹಾಗಲ್ಲ, ಭಾರೀ ಮೆತ್ತಗೆ. ಮುಟ್ಟಬೇಡಿ ಆಯ್ತಾ?" ಅಂದಿದ್ದರು. ಹರಳು ಮೆತ್ತಗೆ ಅಂದರೆ ಎಂತದಪ್ಪಾ? ಅವರು ಊಟಕ್ಕೆ ಹೋದಾಗ ಹೆಬ್ಬೆರಳು ಹೋಗಿ ನೋಡಿ ಬಂತು. ಕಣ್ಣಿಗೆ ಗುರುತೇ ಕಾಣಲಿಲ್ಲ. ಬಲಿತ ಮಾಲೇ ಎಂದು ಸಮಾಧಾನಪಟ್ಟೆ.

ಅದ್ದಿದ ಮೇಲೆ ಕಂಡಿತು. "ಭಟ್ರೇ, ಇದೆಂತ ನೋಡಿ" ಎಂದು ನನ್ನನ್ನೇ ಕರೆದು ತೋರಿಸಿದರು. ಗುಳಿಗಳು ಸಾಲಾಗಿ, ಅರ್ಧಚಂದ್ರದ ಹಾಗೆ, ನನ್ನ ಉಗುರಿನ ಪಡಿಯಚ್ಚು! ಬರೀ ಮೇಲಿನ ಕೊಳೆಯಾದರೆ ಇನ್ನೊಮ್ಮೆ ಅದ್ದಿದಾಗ ಹೋಗುತ್ತದಂತೆ. ಅದ್ದಿದರು, ಅದೇ ಜಾಗದಲ್ಲಿ ಇನ್ನೂ ಆಳವಾಗಿ ಬಂತು; ಒತ್ತಿದ ಪೆಟ್ಟು ಹರಳಿನ ಒಳಗೇ ಇಳಿದಿತ್ತು. ಅವರ ಗೈಡ್ ಸರ್ ಇಣುಕಿ ನೋಡಿ, "ಉಗುರು ತೋರಿಸಮ್ಮ" ಅಂದರು. ಪಾಪ, ಬುಡದವರೆಗೆ ಕತ್ತರಿಸಿದ ಉಗುರು. "ಹಾಗಾದರೆ ಹರಳಿಗೇ ಉಗುರು ಬಂತೋ?" ಎಂದರು ಸರ್. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಜಾಗ್ರತೆ ಇಲ್ಲದವರಿಗೆ ಈ ಕೆಲಸ ಬೇಡ ಎಂದು ಸರ್ ಆ ವಿಷಯವನ್ನೇ ಇನ್ನೊಬ್ಬರಿಗೆ ಕೊಟ್ಟರು. ಇವರು ಪಿಎಚ್‌ಡಿ ಬಿಟ್ಟು ಶಾಲೆಗೆ ಟೀಚರಾಗಿ ಹೋದರು.

ಮೊನ್ನೆ ನಂತೂರಿನಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿದರು. ನನ್ನ ಬಿಪಿ, ಅವರ ಶಾಲೆ ಎಲ್ಲ ಮಾತಾಡಿಯಾದ ಮೇಲೆ ಅವರೇ ಹೇಳಿದರು, "ಆ ಗೆರೆ ಹೇಗೆ ಬಂತೂಂತ ಈಗಲೂ ಗೊತ್ತಿಲ್ಲ ಭಟ್ರೇ. ನಾನೇ ಎಲ್ಲೋ ತಾಗಿಸಿದ್ದೇನೆ ಕಾಣ್ತದೆ." ಈಗ ಹೇಳಿಯೇ ಬಿಡುವುದೆಂದು ಬಾಯಿ ತೆರೆದೆ. "ಹೋಗ್ಲಿ ಬಿಡಿ ಮೇಡಂ, ಮನುಷ್ಯರಲ್ವಾ, ತಪ್ಪು ಆಗ್ತದೆ" ಎಂಬ ಮಾತು ಹೊರಬಂತು. ಹೀಗೆ ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿ ಬಸ್ಸು ಹತ್ತಿದೆ.

ನಿಮಗೆಲ್ಲಾದರೂ ಸಿಕ್ಕಿದರೆ ನೀವಾದರೂ ಹೇಳಿ, ಅವರ ಹೆಸರು ಝೊಹರಾ.