ನಮ್ಮ ಐಸ್ ಭಾವ

ಹೆಣ್ಣು ನೋಡಲು ಬಂದ ಗಂಡು ಏನನ್ನು ನೋಡುತ್ತಾನೆ? ಹೆಣ್ಣನ್ನು ಅಂದಿರಾ? ಹಾಗಾದರೆ ನಿಮಗೆ ನಮ್ಮ ಭಾವನ ಪರಿಚಯವಿಲ್ಲ! ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಅಕ್ಕನನ್ನು ನೋಡಲು ಗುಬ್ಬಿಯ ನಮ್ಮ ಮನೆಗೆ ಬಂದ ಈ ಮಹಾನುಭಾವರು ನೋಡಿದ್ದು ನಮ್ಮ ಫ್ರಿಜ್ಜನ್ನು.

ಆಗೆಲ್ಲ ಫ್ರಿಜ್ಜಿಗೆ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಬಂದವರ ಕಣ್ಣಿಗೆ ಬೀಳಲೆಂದು ನಡುಮನೆಯಲ್ಲಿ, ಕುಸುರಿ ಬಟ್ಟೆ ಹೊದ್ದು ನಿಂತಿರುತ್ತಿತ್ತು. ಭಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದರು, ಸೀದಾ ಹೋಗಿ ಅದರ ಬಾಗಿಲು ತೆಗೆದರು. ಫ್ರೀಜರಿನ ತುಂಬಾ ನಾಲ್ಕು ಬೆರಳು ದಪ್ಪ ಐಸು ಕಟ್ಟಿತ್ತು.

"ಎಷ್ಟು ದಿನ ಆಯ್ತು ಇದನ್ನ ಕ್ಲೀನ್ ಮಾಡಿ?"

ಅಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಭಾವ ಮಾತ್ರ ಖುಷಿಯಾಗಿ, "ಒಳ್ಳೇದಾಯ್ತು ಬಿಡಿ, ಒಂದು ಚಾಕು ಕೊಡಿ" ಅಂದರು. ಒಂದು ಹೆಂಟೆ ಐಸು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು ಜಾತಕ ಓದುವವರ ಹಾಗೆ ಓದತೊಡಗಿದರು.

"ಈ ಮಬ್ಬು ಗೆರೆ ಇದೆಯಲ್ಲ, ಆಗ ಎರಡು ಮೂರು ದಿನ ಕರೆಂಟ್ ಇರ್ಲಿಲ್ಲ. ಗ್ಯಾರಂಟಿ."

"ಹೌದ್ರೀ! ಶಿವರಾತ್ರಿ ಟೈಮಲ್ಲಿ ಕರೆಂಟಿನ ಟಿಸಿ ಸುಟ್ಟೋಗಿತ್ತು!" ಎಂದರು ಅಪ್ಪ.

"ಅದಾದ್ಮೇಲೆ ಯಾರೋ ಕೆಂಪು ಶರಬತ್ತು ಚೆಲ್ಲಿದಾರೆ. ಗೊತ್ತಾಗದ ಹಾಗೆ ಒರೆಸಿದಾರೆ. ಒರೆಸಿದ ಗೀರು ನೋಡಿದ್ರೆ ಎಡಗೈಯವ್ರು. ಇದೂ ಗ್ಯಾರಂಟಿ."

ಅಪ್ಪ, ಅಮ್ಮ ಇಬ್ಬರ ಕಣ್ಣೂ ಬಾಗಿಲ ಕಡೆ ಹೊರಳಿತು. ಏಕೆಂದರೆ ನಮ್ಮ ಮನೆಯಲ್ಲಿ ಎಡಗೈಯವಳು ಅಕ್ಕ ಒಬ್ಬಳೇ. ಗಂಡಿನವರಿಗೆ ಅದು ಗೊತ್ತಾಗಬಾರದೆಂದು ಬೆಳಗ್ಗಿನಿಂದ ಬಲಗೈಯಲ್ಲಿ ಕಾಫಿ ಲೋಟ ಹಿಡಿಯುವ ತಾಲೀಮು ನಡೆದಿತ್ತು! ಆ ಶರಬತ್ತಿನ ವಿಷಯಕ್ಕೆ ಅಮ್ಮನ ಕೈಯಲ್ಲಿ ಒದೆ ತಿಂದವಳು ಯಾರು? ಹತ್ತು ವರ್ಷದ, ಅಮಾಯಕಳಾದ ನಾನು! ಬಾಗಿಲ ಸಂದಿಯಲ್ಲಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಹೀಗೆ ಒಂದೇ ಹೆಂಟೆ ಐಸಿನಿಂದ ನನಗೆ ನ್ಯಾಯ ಸಿಕ್ಕಿತು, ಅಕ್ಕನಿಗೆ ಗಂಡ ಸಿಕ್ಕಿದ.

"ಹುಡುಗನ್ದು ಏನು ಕೆಲ್ಸ?" ಎಂದು ವಿಚಾರಿಸಿದವಳು ನಮ್ಮಜ್ಜಿ.

"ಐಸಿನ ಮೇಲೆ ಸಂಶೋಧನೆ ಅಜ್ಜಿ" ಎಂದರು ಭಾವ.

"ಐಸಾ? ಕ್ಯಾಂಡಿನೋ, ಗಡ್ಡೇನೋ?"

"ಗಡ್ಡೆ. ಒಂದು ದೇಶದಷ್ಟು ದೊಡ್ಡ ಗಡ್ಡೆ."

"ಹಂಗಾರೆ ಅನುಕೂಲಸ್ಥರೇ ಬುಡು" ಎಂದು ಅಜ್ಜಿ ಒಪ್ಪಿಗೆ ಕೊಟ್ಟುಬಿಟ್ಟಳು.

ಆ ಗಡ್ಡೆ ಇರುವುದು ದಕ್ಷಿಣ ಧ್ರುವದಲ್ಲಿ. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲವಂತೆ. ವರ್ಷದ ಮೇಲೆ ವರ್ಷ ಬಿದ್ದು, ಒತ್ತಿ, ಗಟ್ಟಿಯಾಗಿ, ಆಯಾ ಕಾಲದ ಗಾಳಿಯನ್ನು ಗುಳ್ಳೆಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಭಾವ ಅಲ್ಲಿಗೆ ಹೋಗಿ ಬೋರ್‌ವೆಲ್ ಕೊರೆದ ಹಾಗೆ ಕೊರೆದು, ಐಸಿನ ಕೋಲುಗಳನ್ನು ಎತ್ತಿ ತಂದು, ಆಗ ಭೂಮಿ ಎಷ್ಟು ಬಿಸಿಯಿತ್ತು, ಗಾಳಿಯಲ್ಲಿ ಹೊಗೆ ಎಷ್ಟಿತ್ತು ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಕಡೆ ಬೋರು ಕೊರೆಸಿದವರು ನೀರು ಬರದಿದ್ದರೆ ಅಳುತ್ತಾರೆ. ಇವರು ನೀರು ಕಂಡರೆ ಅಳುತ್ತಾರೆ!

ಭೂಮಿ ಬಿಸಿಯಾಗುತ್ತಿರುವ ಸಂಗತಿಯನ್ನು ಭಾವ ಎಲ್ಲಿ ಬೇಕೆಂದರಲ್ಲಿ ಹೇಳುತ್ತಿದ್ದರು. ಕುಣಿಗಲ್ಲಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತು, ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೇ ಶುರು: "ಧ್ರುವದ ಐಸು ಕರಗ್ತಾ ಇದೆ. ಸಮುದ್ರ ಮೇಲೇರುತ್ತೆ. ಗ್ಯಾರಂಟಿ."

ಪಕ್ಕದ ಎಲೆಯ ಯಜಮಾನರು ಆಸೆಯಿಂದ ಕೇಳಿದರು: "ಏರಿದ್ರೆ ನಮ್ ಕುಣಿಗಲ್ ಕೆರೆ ತುಂಬ್ತದಾ ಸ್ವಾಮಿ?"

"ಇಲ್ಲ ಇಲ್ಲ, ಸಮುದ್ರ ಇಲ್ಲಿಗೆಲ್ಲ ಬರಲ್ಲ. ಆದ್ರೆ ಮಳೆ ಕೆಡುತ್ತೆ. ಬರಬೇಕಾದಾಗ ಬರಲ್ಲ, ಬ್ಯಾಡ ಅಂದಾಗ ಸುರಿಯುತ್ತೆ."

"ಅಯ್ಯೋ, ಇದನ್ನ ತಿಳ್ಕೊಳಕ್ಕೆ ಅಷ್ಟು ದೂರ ಹೋಗಿದ್ರಾ? ನಮ್ಮನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಭಾವನಿಗೆ ಬೇಜಾರಾಯಿತೇ? ಎಲ್ಲಿಯದು! ಬಲಗೈ ಒಣಗಿದ್ದೂ ಗೊತ್ತಾಗದೆ, ಜೇಬಿನಿಂದ ಡೈರಿ ತೆಗೆದು ಎಡಗೈಯಲ್ಲೇ ಆ ಯಜಮಾನರ ಮಾತನ್ನು ಬರೆದುಕೊಂಡರು. ಹತ್ತು ವರ್ಷದಿಂದ ಅವರ ಊರಲ್ಲಿ ಮಳೆ ಹೇಗೆಲ್ಲ ಬಂತು ಎಂದು ಕೇಳುತ್ತಾ ಕೇಳುತ್ತಾ ಪಾಯಸ ತಪ್ಪಿಸಿಕೊಂಡರು.

ನಗುವವರಿಗೆ ನಗು. ಅಕ್ಕನ ಪಾಡು ಬೇರೆಯೇ. ಭಾವನ ಸಂಸ್ಥೆ ಗೋವಾ ಕಡೆ, ಅಕ್ಕನ ಬ್ಯಾಂಕು ತುಮಕೂರಿನಲ್ಲಿ. ಅವಳ ಬಾಡಿಗೆ ಮನೆ ಕ್ಯಾತ್ಸಂದ್ರದಲ್ಲಿ, ಹೈವೇ ಪಕ್ಕ. ಡಿಸೆಂಬರಿನಲ್ಲಿ ಹಡಗು ಹತ್ತಿದರೆ ಭಾವ ಮತ್ತೆ ಮುಖ ತೋರಿಸುವುದು ಯುಗಾದಿಗೆ. "ಊರಲ್ಲಿ ಸವತಿ ಇರೋರಿಗೆಲ್ಲ ಕೈಕಾಲಿರೋ ಸವತಿ, ನಂಗೆ ಕರಗೋ ಸವತಿ" ಎನ್ನುತ್ತಿದ್ದಳು ಅಕ್ಕ. ಭಾವ ಎರಡನೆಯ ಸಲ ಹೋದಾಗ ಮಗಳು ಹುಟ್ಟಿದಳು. ಹೆರಿಗೆ ಕಷ್ಟವಾಯಿತು. ಅಕ್ಕ ಬದುಕುವುದೇ ಅನುಮಾನ ಎಂದು ಡಾಕ್ಟರು ಹೇಳಿದ ದಿನ ಭಾವ ಐಸು ಕೊರೆಯುತ್ತಿದ್ದರು. ಅವರು ಬಂದಾಗ ಮಗುವಿಗೆ ಮೂರು ತಿಂಗಳು. ಅಕ್ಕ ಜಗಳವಾಡಲಿಲ್ಲ, ಮಗುವನ್ನು ಅವರ ಮುಂದೆ ಮಲಗಿಸಿ, "ಇದರ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ, ಇನ್ನು ಹೋಗಲ್ಲ ಅಂತ" ಎಂದಳು. ಭಾವ ಕೈಯಿಟ್ಟರು. ಮಗುವಿನ ತಲೆಯ ಮೇಲಿನ ಆಣೆ ತಪ್ಪಿದರೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇದಾಗಿ ಎರಡು ವರ್ಷ. ನಾನು ಅಕ್ಕನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಏಪ್ರಿಲ್ ತಿಂಗಳ ಒಂದು ಭಾನುವಾರ ಮಟಮಟ ಮಧ್ಯಾಹ್ನ ಮನೆ ಮುಂದೆ ಒಂದು ವ್ಯಾನು ಬಂದು ನಿಂತಿತು. ಹಿಂದೆ ತಂದಿದ್ದ ಐಸಿನ ನಾಲ್ಕು ಡಬ್ಬಗಳನ್ನು ಭಾವ ಪರೀಕ್ಷೆಗೆಂದು ಬೆಂಗಳೂರಿಗೆ ಒಯ್ಯುತ್ತಿದ್ದರು. ದಾರಿಯಲ್ಲೇ ಮನೆ. ಅಕ್ಕನ ಕೈಯ ಮುದ್ದೆ, ಬಸ್ಸಾರು. ಬಿಡಲಾದೀತೇ? "ಹತ್ತೇ ನಿಮಿಷ. ಏನೂ ಆಗಲ್ಲ, ಗ್ಯಾರಂಟಿ" ಎಂದು ಇಂಜಿನ್ ಆಫ್ ಮಾಡಿಸಿದರು. ಉಂಡು ಬಂದು ನೋಡಿದರೆ ವ್ಯಾನಿನ ತಂಪು ಮಾಡುವ ಮೆಷಿನ್ನು ಮತ್ತೆ ಶುರುವಾಗಲೇ ಇಲ್ಲ!

ಬೇರೆ ವ್ಯಾನು ಬೆಂಗಳೂರಿನಿಂದ ಬರಲು ಮೂರು ಗಂಟೆ ಬೇಕು. ಭಾವ ಬರಿಗಾಲಲ್ಲಿ ಓಡಿದ್ದು ಬೀದಿಯ ಕೊನೆಯಲ್ಲಿದ್ದ ಬಾಷಾ ಸಾಬರ ಐಸ್‌ಕ್ಯಾಂಡಿ ಫ್ಯಾಕ್ಟರಿಗೆ. ಅಲ್ಲಿ ಉಪ್ಪುನೀರಿನ ತಣ್ಣನೆಯ ತೊಟ್ಟಿ ಇತ್ತು. ಅದರ ತುಂಬಾ ಕ್ಯಾಂಡಿಯ ಅಚ್ಚುಗಳು. ಭಾವ ಏದುಸಿರು ಬಿಡುತ್ತಾ ವಿಷಯ ಹೇಳಿದರು. ಸಾಬರು ಒಂದೇ ಮಾತು ಕೇಳಿದರು:

"ಎಷ್ಟು ಹಳೇ ಮಾಲು ಸಾರ್?"

"ಸಾವಿರಾರು ವರ್ಷದ್ದು."

"ಕ್ಯಾಂಡಿ ನಾಳೆ ಮಾಡ್ಕೋಬೋದು. ನಿಮ್ದು ನಾಳೆ ಮಾಡಕ್ಕಾಗಲ್ಲ. ತಗೊಂಬನ್ನಿ!"

ತೊಟ್ಟಿಯಲ್ಲಿದ್ದ ಕ್ಯಾಂಡಿಯೆಲ್ಲ ಬೀದಿಪಾಲಾಯಿತು. ಹಾಸ್ಟೆಲಿನ ಹುಡುಗರು, ಹೋಟೆಲಿನ ಸಪ್ಲೈಯರುಗಳು, ಬಸ್ಸಿಗೆ ಕಾದಿದ್ದ ಹೆಬ್ಬೂರಿನ ಅಜ್ಜಂದಿರು, ಎಲ್ಲರ ನಾಲಿಗೆಯೂ ಕೆಂಪು! ಇಷ್ಟಾದರೂ ತೊಟ್ಟಿ ಹಿಡಿದದ್ದು ಮೂರೇ ಡಬ್ಬ. ಭಾವ ಅರೆಕ್ಷಣವೂ ಯೋಚಿಸದೆ ಒಂದನ್ನು ಹೊರಗಿಟ್ಟರು. "ಇದು ಮೇಲಿನ ಪದರದ್ದು. ಕೆಲವೇ ನೂರು ವರ್ಷದ್ದು. ಇನ್ನೊಂದ್ಸಲ ಹೋದಾಗ..." ಎಂದವರು ನಾಲಿಗೆ ಕಚ್ಚಿಕೊಂಡರು.

ಮಗಳನ್ನು ಕರೆದುಕೊಂಡು ನನ್ನ ಜೊತೆ ಹಿಂದೆಯೇ ಬಂದಿದ್ದ ಅಕ್ಕ ಕೇಳಿಸಿಕೊಂಡಳು. ಅಲ್ಲಿಂದ ಶುರುವಾಯಿತು ನೋಡಿ ಅವಳ ಓಡಾಟ! ಸಾಬರ ಮರದ ಹೊಟ್ಟಿನ ಮೂಟೆ ಎಳೆದು ತಂದಳು, ಡಬ್ಬದ ಸುತ್ತ ಸುರಿದಳು, ಮನೆಯಲ್ಲಿದ್ದ ಎರಡು ಕಂಬಳಿ ತಂದು ಹೊದಿಸಿದಳು.

"ಕಂಬ್ಳಿ ಹೊದ್ಸಿದ್ರೆ ಶೆಕೆಗೆ ಕರಗೋಗಲ್ವೇನಮ್ಮ?" ಎಂದರು ಯಾರೋ.

"ಕಂಬಳಿ ಬಿಸಿ ಮಾಡಲ್ಲ, ಇರೋದನ್ನ ಕಾಯುತ್ತೆ. ನೂರು ಸಲ ಹೇಳಿದಾರೆ ನಮ್ಮನೆಯವ್ರು" ಅಂದಳು ಅಕ್ಕ. ಗಂಡನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆಂದು ನಾವೆಲ್ಲ ತಿಳಿದಿದ್ದೆವು!

ವ್ಯಾನು ಬಂದಾಗ ನಾಲ್ಕು ಗಂಟೆ. ತೊಟ್ಟಿಯ ಮೂರು ಡಬ್ಬಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ನಾಲ್ಕನೆಯದನ್ನು ಎತ್ತಿದರೆ ಒಳಗೆ ನೀರು ಕುಲುಕಿತು. ಬಿಸಿಲು ಬಡಿಯುತ್ತಿದ್ದ ಕಡೆ ಇದ್ದ ಡಬ್ಬ ಅದು, ವ್ಯಾನಿನಲ್ಲೇ ಅರ್ಧ ಸೋತುಹೋಗಿತ್ತು. "ಮೂರು ಉಳೀತಲ್ಲ, ಸಾಕು" ಎಂದರು ಭಾವ. ಅದರ ಹಿಂದೆ ಗ್ಯಾರಂಟಿ ಬರಲಿಲ್ಲ. ಮೂರನ್ನೂ ವ್ಯಾನಿಗೆ ಹತ್ತಿಸಿ, ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ಭಾವ ಡಬ್ಬದಲ್ಲಿ ಉಳಿದಿದ್ದ ಒಂದು ಚೂರನ್ನು ತೆಗೆದು, ಸಾಬರ ಸ್ಟೀಲ್ ಲೋಟದ ನೀರಿಗೆ ಹಾಕಿ, ಅವಳ ಕಿವಿಗೆ ಹಿಡಿದರು.

"ಕೇಳಿಸ್ತಾ?"

ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಿಟಪಟ ಸದ್ದು, ತೀರಾ ಮೆತ್ತಗೆ. ನನಗೂ ಕೇಳಿಸಿತು.

"ಗಾಳಿ ಕಣೇ. ನಮ್ಮ ತಾತನ ತಾತನೂ ಹುಟ್ಟಿರ್ಲಿಲ್ಲ, ಆಗ ಬೀಸಿದ್ದು. ಲಾರಿ ಇಲ್ಲ, ಮಿಲ್ಲಿಲ್ಲ, ಹೊಗೆ ಇಲ್ಲ. ಅಷ್ಟು ವರ್ಷ ಒಳಗೇ ಇತ್ತು, ಈಗ ಹೋಗ್ತಾ ಇದೆ."

ಸದ್ದು ನಿಲ್ಲುವವರೆಗೂ ಅಕ್ಕ ಲೋಟವನ್ನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ, "ಇದನ್ನ ಕೇಳಕ್ಕಾ ನೀವು ಅಷ್ಟು ದೂರ ಹೋಗ್ತಿದ್ದಿದ್ದು?" ಅಂದಳು.

"ಹೂಂ."

"ಮುಂದಿನ ಹಡಗು ಯಾವಾಗ?"

"ಆಣೆ ಇದೆಯಲ್ಲೇ."

"ಇಡಿಸ್ಕೊಂಡೋಳು ನಾನು. ತೆಗೆಯೋಳೂ ನಾನೇ."

ಮಗಳು ಅಲ್ಲೇ ಕ್ಯಾಂಡಿ ಚೀಪುತ್ತಾ ನಿಂತಿದ್ದಳು. ಅಕ್ಕ ಅವಳನ್ನು ಮುಂದಕ್ಕೆ ಎಳೆದುಕೊಂಡು, ದೃಷ್ಟಿ ತೆಗೆಯುವವಳ ಹಾಗೆ ತಲೆಯನ್ನು ಮೂರು ಸಲ ಸವರಿ, ಆಣೆಯನ್ನು ಒರೆಸಿ ಹಾಕಿದಳು. ಅವಳ ಕಣ್ಣು ತುಂಬಿತ್ತು.

ಜೀವಮಾನದಲ್ಲಿ ಯಾರನ್ನೂ ಯಾವುದಕ್ಕೂ ಅಪ್ಪಣೆ ಕೇಳದ ನಮ್ಮ ಭಾವ ಮೆಲ್ಲಗೆ ಕೇಳಿದರು: "ಹೋಗ್ಲಾ?"

"ಹೋಗ್ಬನ್ನಿ" ಎಂದಳು ಅಕ್ಕ. "ಆ ಸದ್ದನ್ನ ಇವಳೂ ಕೇಳ್ಬೇಕು."