ಉಪ್ಪು ಹಾಕಿದ ಬಾಳೆಹಣ್ಣು

ಕೆಲವರಿಗೆ ತಾವು ಮಾಡಿದ ತಪ್ಪಿಗೆ ನಾಚಿಕೆಯಾಗುತ್ತದೆ. ಕೆಲವರಿಗೆ ಅದಕ್ಕೂ ಆಗುವುದಿಲ್ಲ. ಅವರು ಸುಖಿಗಳು, ಚುನಾವಣೆಗೂ ನಿಲ್ಲುತ್ತಾರೆ. ನಾನು ಈ ಎರಡಕ್ಕೂ ಸೇರದವನು. ಬೇರೆಯವರು ಮಾಡಿದ್ದಕ್ಕೆ, ಮಾಡಬಹುದಾದದ್ದಕ್ಕೆ, ಅದನ್ನು ಇನ್ಯಾರೋ ನೋಡಿರಬಹುದು ಎಂಬುದಕ್ಕೆಲ್ಲ ನಾಚಿಕೆಪಡುವ ಗುತ್ತಿಗೆ ನನ್ನದು. ಮದುವೆ ಮನೆಯಲ್ಲಿ ಗುರುತು ಪರಿಚಯವಿಲ್ಲದ ಯಾರೋ ಇನ್ನೊಂದು ಹೋಳಿಗೆ ಕೂಗಿ ಕೇಳಿದರೆ ತಲೆ ತಗ್ಗಿಸುವವನು ನಾನು. ಬಸ್ಸಿನಲ್ಲಿ ಪಕ್ಕದವನು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಬೆವರುವುದು ನಾನು. ಒಮ್ಮೆ ಕಡೂರಿನ ಹತ್ತಿರ ಕಂಡಕ್ಟರು ಅವನನ್ನು ಬಿಟ್ಟು ನನ್ನನ್ನೇ ಇಳಿಸಲು ನೋಡಿದ್ದ.

ಇಂಥವನಿಗೆ ದೇವರು ಕೊಟ್ಟ ಅಜ್ಜಿಗೆ ನಾಚಿಕೆಯ ಗಂಧವೇ ಇರಲಿಲ್ಲ. ಲಿಂಗದಹಳ್ಳಿ ಕಡೆಯಿಂದ ಮದುವೆಯಾಗಿ ಅಜ್ಜಂಪುರದ ಪಕ್ಕದ ನಮ್ಮೂರಿಗೆ ಬಂದವಳು. ಬಂದ ಹೊಸದರಲ್ಲಿ ಇಲ್ಲಿನ ಎರೆಮಣ್ಣು ಪಾದಕ್ಕೆ ಮೆತ್ತಿಕೊಳ್ಳುವುದನ್ನು ನೋಡಿ, "ಇದೇನ್ ಊರೋ, ಬಂದೋರ್ನ ಬಿಡಂಗೇ ಇಲ್ವಲ್ಲ" ಎಂದಿದ್ದಳಂತೆ. ಅದು ಬಿಡಲೂ ಇಲ್ಲ. ತೊಂಬತ್ತು ದಾಟುವವರೆಗೂ ಇಲ್ಲೇ ಇದ್ದಳು, ಕೊನೆಯ ವರ್ಷಗಳಲ್ಲಿ ನನ್ನ ತಮ್ಮನ ಸಂಸಾರದ ಜೊತೆ. ಹಾಗೆಂದು ಹೇಳಬೇಕಷ್ಟೇ, ಅವಳು ನಿಜವಾಗಿ ಇದ್ದದ್ದು ಎದುರುಗಡೆಯ ಸರ್ಕಾರಿ ಶಾಲೆಯಲ್ಲಿ. ಅಜ್ಜ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಒಣಹಾಕಿದ್ದ ಹಪ್ಪಳದ ಮೇಲೆ ಶಾಲೆಯ ಚೆಂಡು ಬಿತ್ತೆಂದು ಜಗಳಕ್ಕೆ ಹೋದಳು. ಸಂಜೆ ವಾಪಸು ಬಂದಾಗ ಅವಳ ಕೈಯಲ್ಲಿ ಚೆಂಡು ಎಸೆದವನ ಅಂಗಿ ಇತ್ತು, ಗುಂಡಿ ಹಾಕಿಕೊಡಬೇಕಂತೆ. ಮಾರನೆಯ ದಿನ ಅಂಗಿ ಕೊಡಲು ಹೋದಳು. ಆಮೇಲೆ ಹೋಗುವುದನ್ನು ನಿಲ್ಲಿಸಲೇ ಇಲ್ಲ. ಸಂಬಳವಿಲ್ಲದ ಕೆಲಸ, ಆದ್ದರಿಂದ ರಜೆಯೂ ಇಲ್ಲ. ಜಡೆ ಹೆಣೆಯುತ್ತಿದ್ದಳು, ಮೂಗು ಒರೆಸುತ್ತಿದ್ದಳು, ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿ ಅಳುವವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರಿಗಿಂತ ಜೋರಾಗಿ ಅತ್ತು ತೋರಿಸುತ್ತಿದ್ದಳು. ಮಕ್ಕಳು ಗಾಬರಿಯಾಗಿ ಬಾಯಿ ಮುಚ್ಚುತ್ತಿದ್ದವು. ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು, "ಇವರು ಯಾರು?" ಎಂದು ಮೇಡಂ ಅವರನ್ನು ಕೇಳಿದರೆ, "ನಾನು ಎದುರುಮನೆಯೋಳು ಕಣಪ್ಪಾ, ನೀನ್ಯಾರು?" ಎಂದು ಅಜ್ಜಿಯೇ ಕೇಳಿದ್ದಳಂತೆ. ಅದನ್ನು ಕೇಳಿ ತರೀಕೆರೆಯ ಕಚೇರಿಯಲ್ಲಿ ಕೂತಿದ್ದ ನನ್ನ ಕಿವಿ ಕೆಂಪಾಯಿತು.

ಇಷ್ಟನ್ನೆಲ್ಲ ಹೇಗೋ ನುಂಗಿಕೊಂಡೆ. ಆಮೇಲೆ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು. ನಮ್ಮದು ತಲೆತಲಾಂತರದಿಂದ ಮಠಕ್ಕೆ ನಡೆದುಕೊಳ್ಳುವ ಮನೆ. ಬಿಸ್ಕತ್ತು ತಂದರೂ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕುವ ಪೈಕಿ ನಾನು. ಅಂಥ ಮನೆಯ ಹಿರಿಯಳು ಹಣೆತುಂಬ ವಿಭೂತಿ ಇಟ್ಟುಕೊಂಡು, ಶಾಲೆಯ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಚಿಕ್ಕ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಸುಲಿದುಕೊಡುತ್ತಿದ್ದಾಳೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಕಚೇರಿಯಲ್ಲಿ, ಅದೂ ನಾಲ್ಕು ಜನರೆದುರು. ಆ ಶನಿವಾರ ಊರಿಗೆ ಹೋದವನೇ ಬಾಗಿಲು ಹಾಕಿ ಮೆಲ್ಲಗೆ ಕೇಳಿದೆ.

"ಹೂಂ ಕಣೋ. ಸಿಪ್ಪೆ ಸಮೇತ ಬಾಯಿಗ್ ಹಾಕ್ಕೊತಾವೆ ಅವು. ನಾನೇನ್ ತಿಂತೀನಾ? ಸುಲೀತೀನಿ, ಕೈ ತೊಳ್ಕೊತೀನಿ, ಬತ್ತೀನಿ."

"ಜನ ಏನಂತಾರೆ ಅಜ್ಜಿ?"

"ಯಾವ ಜನ?" ಎಂದಳು. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

ನಾನು ಮಠದ ಹೆಸರು, ಮನೆತನದ ಹೆಸರು, ನನ್ನ ಮಗಳಿಗೆ ಗಂಡು ನೋಡುತ್ತಿರುವ ವಿಚಾರ ಎಲ್ಲವನ್ನೂ ಎತ್ತಿ ದೊಡ್ಡ ಭಾಷಣ ಮಾಡಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡು, "ಸರಿ ಬಿಡಪ್ಪಾ" ಎಂದಳು. ಅಲ್ಲಿಂದಾಚೆಗೆ ಮೊಟ್ಟೆಯ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ. ನಾನು ಊರಿಗೆ ಹೋದಾಗ ಶಾಲೆಯ ಕಡೆ ಇಣುಕಿದರೂ ಎಲ್ಲ ಶುದ್ಧವಾಗಿಯೇ ಕಾಣುತ್ತಿತ್ತು. ನನ್ನ ಮಾತಿಗೂ ಮನೆಯಲ್ಲಿ ಬೆಲೆಯಿದೆ ಎಂದು ಬೀಗಿದೆ. ಹೆಂಡತಿಯ ಮುಂದೆ ಒಂದೆರಡು ಸಲ ಹೇಳಿಕೊಂಡೂ ಇದ್ದೆ.

ಈಚೆಗೆ ಅಜ್ಜಿ ಶಿವೈಕ್ಯಳಾದಳು. ಬೆಳಗಿನ ಕಾಫಿ ಕುಡಿದು, ಶಾಲೆಯ ಗಂಟೆ ಹೊಡೆಯಲಿ ಎಂದು ಕಾಯುತ್ತ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಶಿವಗಣಾರಾಧನೆಗೆ ಮಠದ ಸ್ವಾಮಿಗಳು, ನಮ್ಮ ಬುದ್ಧಿಯವರೇ, ಬರುವುದೆಂದಾಯಿತು. ಕಡೂರಿನಿಂದ ಸೋದರತ್ತೆ ಬಂದಿಳಿದಳು. ಅಜ್ಜಿಯ ಮಗಳೇ ಆದರೂ ಮಡಿಯಲ್ಲಿ ಅಜ್ಜಿಗೆ ತಾಯಿಯಾಗುವಂಥವಳು. ಅವಳ ಕೆಮ್ಮಿಗೂ ನಾವು ಹೆದರುತ್ತೇವೆ. ಹಿಂದಿನ ದಿನ ಶಾಲೆಯ ಮೇಡಂ ಬಂದು, ಮಕ್ಕಳು ಅಜ್ಜಿಯ ಬಗ್ಗೆ ನಾಲ್ಕು ಮಾತಾಡುತ್ತವೆ ಎಂದರು. "ಹೋದ ವಾರದ ತನಕ ಮೊಟ್ಟೆ ಸುಲಿದುಕೊಟ್ಟ ಕೈ ಸಾರ್ ಅದು" ಎಂದು ಕಣ್ಣೊರೆಸಿಕೊಂಡರು. ನಾನೂ ಅಳುತ್ತಿದ್ದೆ. ಆ ಒಂದು ಮಾತಿಗೆ ನನ್ನ ಅಳು ನಿಂತೇಹೋಯಿತು. ಸತ್ತ ಅಜ್ಜಿಯನ್ನು ಬಿಟ್ಟು ಬುದ್ಧಿಯವರ ಮುಖ, ಅತ್ತೆಯ ಮುಖ, ಬೀಗರಾಗಬಹುದಾದವರ ಮುಖ ನನ್ನ ಕಣ್ಣೆದುರು ಸಾಲಾಗಿ ಬಂದು ನಿಂತವು. ಇದನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತಿದೆ. "ಮೇಡಂ, ಮಕ್ಕಳು ಮೊಟ್ಟೆ ಅನ್ನೋ ಕಡೆಯಲ್ಲೆಲ್ಲ ಬಾಳೆಹಣ್ಣು ಅಂದ್ಬಿಡಲಿ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, "ಆಗಲಿ ಸಾರ್" ಎಂದರು.

ಮಾರನೆಯ ದಿನ ಚಪ್ಪರದ ತುಂಬ ಜನ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಜಡೆ ಬಿಗಿದುಕೊಂಡು ಮೈಕಿನ ಮುಂದೆ ನಿಂತಳು.

"ಅಜ್ಜಿ ನಮಗೆ ಬಾಳೆಹಣ್ಣು ಸುಲ್ದು ಕೊಡೋರು" ಎಂದು ಶುರು ಮಾಡಿದಳು. ನಾನು ಸಮಾಧಾನದ ಉಸಿರುಬಿಟ್ಟೆ. "ಬಾಳೆಹಣ್ಣನ್ನ ನೆಲಕ್ಕೆ ಮೆಲ್ಲಗೆ ಕುಟ್ಟೋರು. ಸಿಪ್ಪೆ ಒಂಚೂರೂ ಉಳೀದಂಗೆ ತೆಗ್ದು, ನೀರಲ್ಲಿ ತೊಳ್ದು, ಎರಡು ಹೋಳು ಮಾಡಿ ಉಪ್ಪು ಹಾಕಿ ಕೊಡೋರು. ನಂಗೆ ಬಾಳೆಹಣ್ಣಿನ ಒಳಗಿನ ಹಳದಿ ಸೇರಲ್ಲ. ಅಜ್ಜಿ ಬೈತಿರಲಿಲ್ಲ. ಅದನ್ನ ಪಕ್ಕದೋಳಿಗೆ ಕೊಟ್ಟು, ನಂಗೆ ಅವಳ ಬಿಳೀದು ಕೊಡ್ಸೋರು. ಈಗ ನಮಗೆ ಯಾರೂ ಸುಲ್ದು ಕೊಡಲ್ಲ." ಇಲ್ಲಿಗೆ ಬಂದಾಗ ಅವಳಿಗೆ ಅಳು ಬಂತು.

ಚಪ್ಪರದಲ್ಲಿ ಯಾರೋ ಕಿಸಕ್ಕೆಂದರು. ಬುದ್ಧಿಯವರು ಮುಂದೆ ಬಾಗಿ, "ಇದು ಯಾವ ತೋಟದ ಬಾಳೆಹಣ್ಣಮ್ಮಾ?" ಎಂದು ಕೇಳಿದರು.

ಹುಡುಗಿ ಮೂಗೊರೆಸಿಕೊಂಡು ನನ್ನ ಕಡೆ ಕೈ ತೋರಿಸಿದಳು. "ಸಾರ್ ಹಂಗೇ ಹೇಳ್ಬೇಕು ಅಂದ್ರಂತೆ ಬುದ್ಧಿ."

ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅವತ್ತು ಬಿಟ್ಟಿದ್ದರೆ ನಾನು ಇಳಿದುಬಿಡುತ್ತಿದ್ದೆ. ಬುದ್ಧಿಯವರು ನಗುತ್ತ ಹೇಳಿದರು: "ಅಜ್ಜಿ ಶುರುವಿನಲ್ಲೇ ಮಠಕ್ಕೆ ಬಂದು ಮೊಟ್ಟೆ ವಿಚಾರ ಹೇಳಿದ್ರು. ಅಪ್ಪಣೆ ಕೇಳೋಕೆ ಬಂದಿದಾರೆ ಅಂತ ನಾವು ಯೋಚನೆ ಮಾಡ್ತಾ ಕೂತ್ವಿ. ನಮ್ಮ ಯೋಚನೆ ಮುಗಿಯೋ ಹೊತ್ತಿಗೆ ಅವರು ಪ್ರಸಾದ ಮುಗಿಸ್ಕೊಂಡು ಹೊರಟೇ ಹೋಗಿದ್ರು." ನಾನು ಹೆದರುತ್ತ ಅತ್ತೆಯ ಕಡೆ ತಿರುಗಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಉಪ್ಪಿನ ಡಬ್ಬಿ ಕಡೂರಿಂದ ನಾನೇ ತಂದ್ಕೊಟ್ಟಿದ್ದು ಕಣೋ" ಎಂದಳು.

ಊಟವಾದ ಮೇಲೆ ಬಾಗಿಲಲ್ಲಿ ನಿಂತು ಎಲೆಅಡಿಕೆಯ ಜೊತೆ ಬಾಳೆಹಣ್ಣು ಹಂಚುವ ಕೆಲಸ ನನ್ನ ಪಾಲಿಗೆ ಬಂತು. ತಮ್ಮ ಬೇಕೆಂದೇ ವಹಿಸಿರಬೇಕು. ತೆಗೆದುಕೊಂಡವರಲ್ಲಿ ಅರ್ಧ ಜನ, "ಉಪ್ಪೆಲ್ಲಪ್ಪಾ?" ಎಂದು ಕೇಳಿಕೊಂಡೇ ಹೋದರು. ಅವರ ತಮಾಷೆಯನ್ನು ಸಹಿಸಿಕೊಳ್ಳಬಹುದು. ಆದರೆ ಇಡೀ ಊರಿಗೆ, ಮಠಕ್ಕೆ, ಕಡೂರಿಗೆ ಹೇಳಿಕೊಂಡು ಮಾಡಿದ ಕೆಲಸವನ್ನು ಅಜ್ಜಿ ನನ್ನೊಬ್ಬನಿಂದ ಮಾತ್ರ ಮುಚ್ಚಿಟ್ಟಿದ್ದಳು. ತೊಂಬತ್ತರ ಮುದುಕಿ ಮೊಮ್ಮಗನಿಗೆ ಹೆದರಿ ಬದುಕಿದಳೇ ಎಂದುಕೊಂಡಾಗ, ಇಷ್ಟು ದಿನ ಪಟ್ಟ ನಾಚಿಕೆಯೆಲ್ಲ ಸುಳ್ಳು ಅನ್ನಿಸಿತು. ನಾಚಿಕೆ ಎಂದರೇನೆಂದು ತಿಳಿದದ್ದು ಆಗಲೇ.

ಮುಂದಿನ ವಾರ ರಜೆ ಹಾಕಿ ಊರಿಗೆ ಹೋದೆ. ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಕೂತು ಒಂದು ದಿನವಾದರೂ ಸುಲಿದುಕೊಡಬೇಕೆಂದು ಊಟದ ಹೊತ್ತಿಗೆ ಸರಿಯಾಗಿ ಶಾಲೆಯ ಜಗಲಿ ಹತ್ತಿದೆ. ನನ್ನನ್ನು ಕಂಡದ್ದೇ ತಡ, ಆ ಎರಡು ಜಡೆಯವಳು ಬುಟ್ಟಿಯ ಮೇಲೆ ತಟ್ಟೆ ಮುಚ್ಚಿದಳು. ಉಳಿದವರೆಲ್ಲ ಕೈಗಳನ್ನು ಬೆನ್ನ ಹಿಂದೆ ಒಯ್ದರು. ಜಗಲಿಯ ತುಂಬ ಬೇಯಿಸಿದ ಮೊಟ್ಟೆಯ ವಾಸನೆ.

"ಇವತ್ತು ಬಾಳೆಹಣ್ಣು ಸಾರ್" ಎಂದಳು.

"ಇನ್ನು ಹಾಗೆ ಹೇಳ್ಬೇಡಮ್ಮ. ಅವತ್ತು ನಾನು ತಪ್ಪು ಹೇಳಿಕೊಟ್ಟೆ."

"ನೀವಲ್ಲ ಸಾರ್, ಅಜ್ಜಿ. ಯಾವಾಗ್ಲೋ ಹೇಳ್ಕೊಟ್ಟಿದಾರೆ. ನಮ್ಮ ಮೊಮ್ಮಗ ಬಂದ್ರೆ ಬುಟ್ಟಿ ಮುಚ್ಬಿಡಿ, ಬಾಳೆಹಣ್ಣು ಅಂದ್ಬಿಡಿ, ಅವನಿನ್ನೂ ಚಿಕ್ಕೋನು, ಬೇಜಾರ್ ಮಾಡ್ಕೊತಾನೆ ಅಂತ."

ತಲೆ ನರೆತ ಆ ಚಿಕ್ಕೋನು ಜಗಲಿಯ ಮೇಲೆ ಕೂತು, ಒಂದು ಕೊಡಮ್ಮ, ನಾನೂ ಸುಲೀತೀನಿ ಎಂದು ಕೈ ಚಾಚಿದ. ಹುಡುಗಿ ತಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.