ತಪ್ಪಿಲ್ಲದ ಅರ್ಜಿ

ಎಲ್ಲ ರಾದ್ಧಾಂತಕ್ಕೂ ಕಾರಣ ಅರ್ಧ ದಿನದ ರಜೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಫಿಲ್ಮಣ್ಣ ಅಂದು ಮಧ್ಯಾಹ್ನ ಎರಡು ಗಂಟೆಗೆ ಇಂಗ್ಲಿಷ್ ಬರವಣಿಗೆಯ ಪರೀಕ್ಷೆಗೆ ಕೂರಬೇಕಿತ್ತು. ಅಪ್ಪ ಅಮ್ಮ ಅವನಿಗೊಂದು ಒಳ್ಳೆಯ ಹೆಸರನ್ನೇ ಇಟ್ಟಿದ್ದರು, ಆದರೆ ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಪರೀಕ್ಷೆ ಇದು ನಾಲ್ಕನೇ ಸಲ. ಇದೇ ಕೊನೆಯದು ಅಂತ ಆಡಳಿತದವರು ಹೇಳಿಯಾಗಿತ್ತು. ಪಾಸಾದರೆ ಫಿಲ್ಮಣ್ಣ ಎಕ್ಸ್‌ರೇ ವಿಭಾಗದ ಮುಖ್ಯಸ್ಥ. ಇಲ್ಲವಾದರೆ ಆ ಕುರ್ಚಿ ಅವನ ಭಾಮೈದನಿಗೆ. ಹೌದು ಸ್ವಾಮಿ, ಹೆಂಡತಿಯ ಖಾಸಾ ತಮ್ಮ! ಕರೆತಂದು ಕೆಲಸಕ್ಕೆ ಸೇರಿಸಿ, ಪಕ್ಕೆಲುಬು ಯಾವುದು ಬೆನ್ನೆಲುಬು ಯಾವುದು ಅಂತ ಹೇಳಿಕೊಟ್ಟ ಪುಣ್ಯಾತ್ಮ ಫಿಲ್ಮಣ್ಣನೇ. ಆ ಭಾಮೈದ ಹೋದ ತಿಂಗಳು ಮೊದಲ ಏಟಿಗೇ ಪಾಸಾಗಿ ಕೂತಿದ್ದ. "ಅವನು ಹೆಡ್ ಆದ್ರೆ, ಅವನು ಬಂದಾಗೆಲ್ಲ ನೀವು ಎದ್ದು ನಿಲ್ಲಬೇಕಾ?" ಅಂತ ಹೆಂಡತಿ ಬೆಳಿಗ್ಗೆ ತಿಂಡಿ ಹಾಕುತ್ತಾ ಕೇಳಿದ್ದಳು. ಅವನು ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದಿದ್ದ.

ರಜೆ ಕೊಡಬೇಕಾದವರು ಸೂಪರಿಂಟೆಂಡೆಂಟ್ ಸಾಹೇಬರು. ಕೆಂಪು ಪೆನ್ನಿಲ್ಲದೆ ಅವರು ಪೇಪರನ್ನೂ ಓದಿದವರಲ್ಲ. "ನಾನು ವಿಷಯ ಓದಲ್ಲಪ್ಪ, ವ್ಯಾಕರಣ ಓದ್ತೀನಿ. ಒಂದೂ ತಪ್ಪಿಲ್ಲದ ಇಂಗ್ಲಿಷ್ ಅರ್ಜಿ ತಂದವನಿಗೆ ನಿಂತ ಕಾಲಲ್ಲೇ ಸಹಿ" ಅನ್ನೋದು ಅವರ ಕಾನೂನು. ತಪ್ಪಿಲ್ಲದೆ ಬರೆಯೋಕೆ ಬರೋ ಹಾಗಿದ್ದರೆ ನಾಲ್ಕು ಸಲ ಪರೀಕ್ಷೆಗೆ ಯಾಕೆ ಸಾಯಬೇಕಿತ್ತು ಅಂತ ಅವರ ಮುಖಕ್ಕೆ ಹೇಳುವ ಎದೆಗಾರಿಕೆ ಯಾರಿಗಿದೆ!

ಒಂಬತ್ತೂವರೆಗೆ ಫಿಲ್ಮಣ್ಣ ಮೊದಲ ಅರ್ಜಿ ಕೊಟ್ಟ. 'ಐ ಆಮ್ ವಾಂಟಿಂಗ್ ಹಾಫ್ ಡೇ ಫಾರ್ ರೈಟಿಂಗ್ ಟೆಸ್ಟ್.'

ಸಾಹೇಬರು ಹಲ್ಲುನೋವು ಬಂದವರಂತೆ ದವಡೆ ಹಿಡಿದುಕೊಂಡರು. "ವಾಂಟಿಂಗ್ ಅಂದ್ರೆ ಏನು ಗೊತ್ತಾ? ನಿನ್ನಲ್ಲಿ ಏನೋ ಕೊರತೆ ಇದೆ ಅಂತ. ಅದು ನಮಗೆಲ್ಲ ಗೊತ್ತಿರೋ ವಿಚಾರ, ಬರೆದುಕೊಡೋದು ಬೇಡ. ಆಮೇಲೆ ಹಾಫ್ ಡೇ ಅಲ್ಲ, ಹಾಫ್ ಎ ಡೇ."

"ಮಧ್ಯದಲ್ಲಿ ಆ 'ಎ' ಯಾಕೆ ಸಾರ್?"

"ಅದರ ಜಾಗ ಅದು. ನೀನ್ಯಾರು ಕೇಳೋಕೆ? ಇನ್ನೊಂದು, ಪರೀಕ್ಷೆ ಬರೆಯೋದು ಕನ್ನಡದಲ್ಲಿ. ಇಂಗ್ಲಿಷಲ್ಲಿ ಪರೀಕ್ಷೆ ತಗೊಳ್ತಾರೆ. ಹೋಗು."

ಫಿಲ್ಮಣ್ಣ ನೇರ ಔಷಧಿ ಕೌಂಟರಿಗೆ ಓಡಿದ. ಅಲ್ಲಿನ ಅಕ್ಕ ವೈದ್ಯರ ಕಾಗೆಕಾಲು ಅಕ್ಷರವನ್ನೇ ಓದುವವಳು, ಇಂಗ್ಲಿಷು ಅವಳಿಗೆ ಯಾವ ಲೆಕ್ಕ?

"ಅಯ್ಯೋ ಫಿಲ್ಮಣ್ಣ, ನಿಮ್ಮ ಅರ್ಜೀಲಿ 'ದ' ಕಮ್ಮಿ ಆಗಿದೆ. 'ದ' ಅನ್ನೋದು ಆಂಟಿಬಯೋಟಿಕ್ ಇದ್ದಂಗೆ. ಅನುಮಾನ ಬಂದಲ್ಲೆಲ್ಲ ಒಂದೊಂದು ಹಾಕಿಬಿಡಿ."

"ಜಾಸ್ತಿ ಆದ್ರೆ?"

"ಆಂಟಿಬಯೋಟಿಕ್ ಜಾಸ್ತಿ ಆಯ್ತು ಅಂತ ಇಲ್ಲಿ ಯಾರಾದ್ರೂ ವಾಪಸ್ ತಂದಿದ್ದಾರಾ?"

ಎರಡನೇ ಅರ್ಜಿಯಲ್ಲಿ ಹದಿಮೂರು 'ದ' ಇದ್ದವು. ಒಂದು ಅವನ ಹೆಸರಿನ ಹಿಂದೆಯೂ ಇತ್ತು. ಸಾಹೇಬರು ಆ ಒಂದನ್ನು ಮಾತ್ರ ಎರಡು ಸಲ ಸುತ್ತು ಹಾಕಿ, "ಯಾವ ದೇಶದ ಮಹಾರಾಜರು ತಾವು?" ಅಂತ ಕೇಳಿದರು. ಹೊರಗೆ ಕೂತಿದ್ದ ರೋಗಿಗಳೂ ನಕ್ಕರು.

ಮೂರನೆಯದರಲ್ಲಿ 'ಮೈ ಫ್ಯೂಚರ್ ಡಿಪೆಂಡ್ ಆನ್ ಇಟ್' ಅಂತ ಬರೆದು ಸಿಕ್ಕಿಬಿದ್ದ. "ಡಿಪೆಂಡ್‌ಗೆ ಎಸ್ ಎಲ್ಲಯ್ಯಾ?" ಅಂತ ಸಾಹೇಬರು ಗುಡುಗಿದರು. ನಾಲ್ಕನೆಯದರಲ್ಲಿ ಜಾಗ್ರತೆಗಿರಲಿ ಅಂತ ಕಂಡ ಕಂಡ ಕ್ರಿಯಾಪದಕ್ಕೆಲ್ಲ ಎಸ್ ಅಂಟಿಸಿದ. 'ಐ ರಿಕ್ವೆಸ್ಟ್ಸ್' ಅನ್ನೋದನ್ನು ನೋಡಿ ಸಾಹೇಬರು ಕನ್ನಡಕ ತೆಗೆದಿಟ್ಟು, ನೀರು ಕುಡಿದು, ಬಾಗಿಲ ಕಡೆ ಬೆರಳು ತೋರಿಸಿದರು. ಆಗ ಗಂಟೆ ಒಂದು ಹೊಡೆದಿತ್ತು.

ಫಿಲ್ಮಣ್ಣ ಎಕ್ಸ್‌ರೇ ಕೋಣೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಯಾರ ಮುಂದೆ ಬಾಯಿ ಬಿಡಬಾರದು ಅಂದುಕೊಂಡಿದ್ದನೋ ಅವನೇ ಬಂದು ಪಕ್ಕದಲ್ಲಿ ನಿಂತ.

"ಏನ್ ಭಾವ, ಎಸ್ ಕಾಟವಾ?" ಅಂದ ಭಾಮೈದ.

"ಇಂಗ್ಲಿಷ್ ಕಂಡುಹಿಡಿದೋನ ಮನೆ ಹಾಳಾಗ."

"ಅಷ್ಟಕ್ಕೆ ಯಾಕೆ ಶಾಪ? ಎಲ್ಲಾನೂ ಭೂತಕಾಲದಲ್ಲಿ ಬರೆದುಬಿಡಿ. ಐ ವೆಂಟ್, ಹಿ ವೆಂಟ್, ದೇ ವೆಂಟ್. ನಾಯಿ ಹೋದ್ರೂ ವೆಂಟ್, ರಾಜ ಹೋದ್ರೂ ವೆಂಟ್. ಎಸ್ ಹಾಕೋ ಪ್ರಮೇಯಾನೇ ಬರಲ್ಲ. ನಾನು ಪರೀಕ್ಷೆ ಪೂರ್ತಿ ಹಂಗೇ ಬರೆದು ಪಾಸಾಗಿದ್ದು."

ಫಿಲ್ಮಣ್ಣನ ಕಣ್ಣು ತುಂಬಿ ಬಂತು. ಇಂಥ ಬಂಗಾರದ ಹುಡುಗನ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ ಅಂತ ನಿಜಕ್ಕೂ ನಾಚಿಕೆಯಾಯಿತು. ಅಲ್ಲೇ ಮೇಜಿನ ಮೇಲೆ ಬಗ್ಗಿ, ನಾಲ್ಕೇ ಸಾಲು ಬರೆದ. 'ಐ ನೀಡೆಡ್ ಹಾಫ್ ಎ ಡೇ. ಐ ವೆಂಟ್ ಟು ದ ಟೆಸ್ಟ್ ಸೆಂಟರ್. ಐ ಟುಕ್ ದ ಟೆಸ್ಟ್. ಐ ಕೇಮ್ ಬ್ಯಾಕ್.'

ಸಾಹೇಬರು ಓದಿದರು. ಕೆಂಪು ಪೆನ್ನು ಸಾಲಿನ ಮೇಲೆ ಹೋಯಿತು, ಬಂತು, ಎಲ್ಲೂ ಇಳಿಯಲಿಲ್ಲ. ಹಾಳೆ ತಿರುಗಿಸಿ ಹಿಂದೆಯೂ ಹುಡುಕಿದರು. ಕೊನೆಗೆ ಎದ್ದು ನಿಂತು ಫಿಲ್ಮಣ್ಣನ ಕೈ ಕುಲುಕಿದರು.

"ಭೇಷ್! ಹನ್ನೊಂದು ವರ್ಷದಲ್ಲಿ ಇದೇ ಮೊದಲು." ಟಕ್ಕನೆ ಸಹಿ ಬಿತ್ತು.

"ಥ್ಯಾಂಕ್ಸ್ ಸಾರ್, ಬರ್ತೀನಿ. ಎರಡಕ್ಕೆ ಪರೀಕ್ಷೆ," ಅಂತ ಫಿಲ್ಮಣ್ಣ ಬಾಗಿಲಿಗೆ ಓಡಿದ.

"ಏಯ್ ಏಯ್, ಎಲ್ಲಿಗೆ? ಪರೀಕ್ಷೆ ಮುಗಿಸಿ ಬಂದಾಯ್ತಲ್ಲ. ವೆಂಟ್, ಟುಕ್, ಕೇಮ್! ನಿನ್ನೆ ಮಧ್ಯಾಹ್ನದ್ದು ಅಂತ ರಜೆ ಮಂಜೂರು ಮಾಡಿದ್ದೀನಿ. ಹೋಗಿ ಕೆಲಸ ನೋಡು."

ಫಿಲ್ಮಣ್ಣ ಬಾಗಿಲಿಂದ ವಾಪಸ್ ಓಡಿಬಂದ. "ಸಾರ್, ಬೆಳಿಗ್ಗೆಯಿಂದ ಇವತ್ತಿಗೇ ತಾನೇ ಕೇಳ್ತಿರೋದು? ನಾಲ್ಕು ಅರ್ಜಿ ಕೊಟ್ಟೆನಲ್ಲ!"

"ಅವು ತಪ್ಪು ಅರ್ಜಿಗಳು. ತಪ್ಪು ಅರ್ಜಿ ನನ್ನ ಲೆಕ್ಕದಲ್ಲಿ ಅರ್ಜಿಯೇ ಅಲ್ಲ. ಸರಿಯಾಗಿರೋದು ಇದೊಂದೇ, ಇದರಲ್ಲಿ ನೀನು ಹೋಗಿ ಬಂದುಬಿಟ್ಟಿದ್ದೀಯ. ಭವಿಷ್ಯತ್ಕಾಲ ಬೇಕಿದ್ರೆ ಇನ್ನೊಂದು ಬರಿ. ನಾನು ಊಟ ಮುಗಿಸಿ ಮೂರಕ್ಕೆ ನೋಡ್ತೀನಿ."

ಮೂರಕ್ಕೆ ಯಾರಿಗೆ ಬೇಕು ರಜೆ? ಎರಡಕ್ಕೆ ಪರೀಕ್ಷೆ ಶುರುವಾಯಿತು, ಎರಡೂವರೆಗೆ ಆಡಳಿತದವರಿಗೆ ಫಿಲ್ಮಣ್ಣ ಗೈರು ಅಂತ ಫೋನ್ ಬಂತು, ಮೂರಕ್ಕೆ ಭಾಮೈದ ಮುಖ್ಯಸ್ಥನಾದ. ಫಿಲ್ಮಣ್ಣ ಎದ್ದು ನಿಂತ. ಬೇರೆ ದಾರಿ ಏನಿತ್ತು?

"ಅಯ್ಯೋ, ಕೂತ್ಕೊಳಿ ಭಾವ," ಅಂದ ಭಾಮೈದ, ಬಲು ಸಂಕೋಚದಿಂದ. "ಒಂದು ಸಣ್ಣ ವಿಚಾರ. ಸಾಹೇಬರು ಈಗಷ್ಟೇ ರಿಜಿಸ್ಟರ್ ಕಳಿಸಿದ್ರು. ನಿನ್ನೆ ಮಧ್ಯಾಹ್ನ ನೀವು ರಜೆ. ಆದ್ರೆ ನಿನ್ನೆ ಮಧ್ಯಾಹ್ನ ತೆಗೆದ ಹದಿನೆಂಟು ಎಕ್ಸ್‌ರೇಗೂ ನಿಮ್ಮದೇ ಸಹಿ ಇದೆ. ರಜೆಯಲ್ಲಿದ್ದೋರು ಅದು ಹೇಗೆ ಹಾಕಿದ್ರಿ ಅಂತ ಸಂಜೆಯೊಳಗೆ ವಿವರಣೆ ಕೊಡಬೇಕಂತೆ."

"ಬಾಯಲ್ಲಿ ಹೇಳಿದ್ರೆ ಸಾಲದಾ?"

"ಇಲ್ಲ ಭಾವ. ಬರಹದಲ್ಲಿ. ಇಂಗ್ಲಿಷಿನಲ್ಲೇ ಇರಬೇಕಂತೆ."